ಹುಳಿನ ಮನೆಯ ನ್ಯಾಯ

ಆ ಮುಂಗಾರಿನಲ್ಲಿ ನಮ್ಮ ಮನೆಯ ರೇಷ್ಮೆಹುಳವೆಲ್ಲ ಸುಣ್ಣಕಟ್ಟು ರೋಗ ಬಂದು ಸತ್ತವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿದ್ದ ಹುಳ, ತಟ್ಟೆಗಳ ತುಂಬ ಸೀಮೆಸುಣ್ಣದ ಚೂರಿನಂತೆ ಬಿಳುಚಿಕೊಂಡು ಬಿದ್ದಿದ್ದವು. ಅತ್ತೆ ಒಂದನ್ನು ಎತ್ತಿ ಮುರಿದರು. ಟಕ್ ಎಂದಿತು.

“ಒರಗಾದೋಳು ಯಾವಳೋ ಒಳಕ್ ಬಂದವ್ಳೆ,” ಅಂದರು.

ನಮ್ಮ ಮನೆಯಲ್ಲಿ ಮುಟ್ಟಾದವಳು ಅಡುಗೆ ಮಾಡಬಹುದಿತ್ತು, ಬಾವಿಯಲ್ಲಿ ನೀರು ಸೇದಬಹುದಿತ್ತು. ಹುಳ ಸಾಕುವ ಹುಳಿನ ಮನೆಗೆ ಮಾತ್ರ ಕಾಲಿಡುವಂತಿರಲಿಲ್ಲ. ಇಟ್ಟರೆ ಹುಳ ಸಾಯುತ್ತದೆ. ಹುಳ ಸತ್ತಿದೆ, ಆದ್ದರಿಂದ ಯಾರೋ ಕಾಲಿಟ್ಟಿದ್ದಾಳೆ. ಆ ವಾರ ಮುಟ್ಟಾಗಿದ್ದವಳು ಲೊಕ್ಕನಹಳ್ಳಿಯಿಂದ ಹೊಸದಾಗಿ ಬಂದಿದ್ದ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅಲ್ಲಿಗೆ ವಿಚಾರಣೆ ಮುಗಿಯಿತು. ಅವಳನ್ನು ತವರಿಗೆ ಕಳಿಸುವುದು, ಮತ್ತೆ ಕರೆಸದೇ ಇರುವುದು ಎಂದಾಯಿತು. ಗಾಡಿ ಕಟ್ಟಿಸಿದರು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ರೇಖಾಗಣಿತದ ಸಿಸ್ಟರ್ ಕೇಳುತ್ತಿದ್ದರು: “ಮಳೆ ಬಂದರೆ ಅಂಗಳ ನೆನೆಯುತ್ತದೆ. ಅಂಗಳ ನೆಂದಿದೆ. ಹಾಗಾದರೆ ಮಳೆ ಬಂತೆ?” ನಾವೆಲ್ಲ ಹೌದು ಅಂದರೆ, ಕಿಟಕಿಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಮಾಲಿಯನ್ನು ತೋರಿಸುತ್ತಿದ್ದರು.

ನಮ್ಮ ಹುಳ ಸಾಯುವುದಕ್ಕೂ ಬೇರೆ ಕಾರಣವಿತ್ತು. ಮೂರು ದಿನ ಜಡಿಮಳೆ ಹಿಡಿದಾಗ ಮೈದುನ ಹಿಪ್ಪುನೇರಳೆ ಸೊಪ್ಪನ್ನು ಕೊಡವದೆ, ಆರಿಸದೆ ಹಾಗೇ ತಂದು ಹಾಕಿದ್ದ. ತಟ್ಟೆಯಂಚಿನಿಂದ ನೀರು ತೊಟ್ಟಿಕ್ಕಿ ನೆಲದ ಸಗಣಿ ಸಾರಣೆ ಕಿತ್ತುಬಂದಿತ್ತು. ನಾನೇ ನೋಡಿದ್ದೆ.

“ಅತ್ತೆ, ಸೊಪ್ಪು ನೆಂದಿದ್ದರೂ ಹುಳ ಸಾಯಬಹುದಲ್ಲ?” ಎಂದೆ.

“ಕಾನ್ವೆಂಟಲ್ಲಿ ಉಳ ಸಾಕೋದೂ ಕಲ್ಸಿದ್ರಾ ತಾಯಿ?” ಅಂದರು. ಜಗುಲಿಯಲ್ಲಿ ಮಾವ ನಕ್ಕರು.

ಮೈದುನ, “ಮಳೇಲಿ ಒಣಗಿದ್ ಸೊಪ್ನ ಎಲ್ಲಿಂದ ತರ್ಲಿ ಅತ್ಗೆಮ್ಮ? ನಿಮ್ ಸಿಸ್ಟರ್ ಕಳಿಸ್ಕೊಡ್ತಾರಾ?” ಅಂದ. ಅವನ ಹೆಂಡತಿ ತಗಡಿನ ಪೆಟ್ಟಿಗೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ಆ ಕಡೆ ಒಂದು ಸಲವೂ ನೋಡಲಿಲ್ಲ ಅವನು. ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದ. ನಾನು ಅತ್ತೆಯ ಕಡೆಗೇ ತಿರುಗಿದೆ.

“ಹೋದ ಬೆಳೆಯಲ್ಲಿ ನೀವೆಲ್ಲ ಯಳಂದೂರಿನ ಮದುವೆಗೆ ಹೋಗಿದ್ದಿರಲ್ಲ. ಎರಡು ದಿನ ಹುಳಕ್ಕೆ ಸೊಪ್ಪು ಹಾಕಿದವಳು ನಾನು. ಆಗ ನಾನು ಮುಟ್ಟಾಗಿದ್ದೆ. ಹಸಿದ ಹುಳವನ್ನು ಹಾಗೇ ಬಿಡಲಾರದೆ ಒಳಗೆ ಹೋದೆ. ಆ ಬೆಳೆ ಹೇಗೆ ಬಂತು, ನೀವೇ ಹೇಳಿ.”

ಅಂಥ ಒಳ್ಳೆಯ ಗೂಡು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಬಂದಿರಲಿಲ್ಲ. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಊರಿಗೆಲ್ಲ ತೋರಿಸಿ ಬಂದಿದ್ದರು. ಕಾಲಿಟ್ಟೂ ಹುಳ ಬದುಕಿತು ಅಂದಮೇಲೆ ಆ ಕಟ್ಟಳೆಯೇ ಸುಳ್ಳು. ಅದನ್ನು ಸುಳ್ಳೆನ್ನಲು ಇಂಥ ಉದಾಹರಣೆ ಒಂದು ಸಾಕು, ಎರಡನೆಯದು ಬೇಕಿಲ್ಲ. ಗೆದ್ದೆ ಅಂದುಕೊಂಡೆ.

ಅತ್ತೆ ಸೆರಗು ಸರಿಮಾಡಿಕೊಂಡರು. “ಆಗಿನ್ ಮೈಲ್ಗೆ ಈಗ ಬಡೀತು ಕಣ್ರಪ್ಪ. ಕಾರಣ ಇವ್ಳೇ.”

ಅಷ್ಟು ಸಲೀಸು. ಕಟ್ಟಳೆ ಮುರಿಯಲಿಲ್ಲ, ಇನ್ನೊಂದಷ್ಟು ಉದ್ದವಾಯಿತು, ಅಷ್ಟೆ. ಹುಳ ಬದುಕಿದರೂ ಅವರದೇ ಸರಿ, ಸತ್ತರೂ ಅವರದೇ ಸರಿ. ಅಂಥವರ ಮುಂದೆ ಏನು ಮಾತಾಡಬೇಕೆಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ. ಓರಗಿತ್ತಿಯನ್ನು ಕಳಿಸುವುದು ನಿಂತಿತು, ಗಾಡಿಯ ಎತ್ತು ಬಿಚ್ಚಿದರು. ಹುಳಿನ ಮನೆಯ ಹೊಸಿಲು ಅಂದಿನಿಂದ ನನಗೆ ಬಂದ್. ಮಾವನ ಪಕ್ಕ ಕೂತಿದ್ದ ನನ್ನ ಗಂಡ ಹೆಗಲ ಟವೆಲನ್ನು ಎರಡು ಸಲ ಕೊಡವಿ ಎದ್ದುಹೋದರು.

ಒಳಗೆ ಓರಗಿತ್ತಿ ಪೆಟ್ಟಿಗೆಯಿಂದ ಸೀರೆ ತೆಗೆಯುತ್ತಿದ್ದಳು.

“ನಾನು ಒಳಕ್ಕೆ ಓಗಿರ್ನಿಲ್ಲ ಕಣಕ್ಕ,” ಅಂದಳು.

“ಗೊತ್ತು ಬಿಡು.”

ಕೈಯಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿದಳು. ಆಮೇಲೆ ಮೆಲ್ಲಗೆ, “ನೀವೂ ಓಗ್ಬಾರ್ದಿತ್ತು. ಪಾಪ, ಅಷ್ಟೂ ಉಳ,” ಅಂದಳು.

ಅತ್ತೆಯ ಮೇಲೆ, ಮೈದುನನ ಮೇಲೆ ಇದ್ದ ಸಿಟ್ಟೆಲ್ಲ ಆ ಹುಡುಗಿಯ ಮೇಲೆ ತಿರುಗಿತು. ಅವಳ ಕೈಯಿಂದ ಸೀರೆ ಕಸಿದುಕೊಂಡು ನಾನೇ ಬಿದಿರಿನ ಗಳುವಿಗೆ ಹಾಕಿದೆ. ಉಳಿದ ಮೂರನ್ನೂ ಹಾಕಿದೆ.