ವೆಲ್ಡಾ ಗುಂಡು ಆರಿಸಿದ್ದು

ಓಕ್ಲಹೋಮದ ಆ ಕೆಂಪು ಮಣ್ಣಿನ ಸೀಮೆಯಲ್ಲಿ ಸ್ಕೂಲ್ ಬಸ್ ಓಡಿಸುವ ವೆಲ್ಡಾಳ ಬಾಯಿಗೆ ಹೆದರದ ಮಕ್ಕಳಿರಲಿಲ್ಲ. ಅಂಥವಳಿಗೂ ಈಗ ಭಯ ಹತ್ತಿಕೊಂಡಿತ್ತು. ಮಗಳನ್ನು ಹೊಡೆದು ಬಡಿದು ಬಿಟ್ಟಿದ್ದ ಅಳಿಯ, ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿದ ಮೇಲೂ, "ಬಂದು ಮಗೂನ ಎತ್ಕೊಂಡು ಹೋಗ್ತೀನಿ" ಎಂದು ಫೋನು ಮಾಡಿದ್ದ. ಮಗಳು ಆಸ್ಪತ್ರೆಯ ರಾತ್ರಿ ಪಾಳಿಗೆ ಹೋದರೆ ಮನೆಯಲ್ಲಿ ವೆಲ್ಡಾ ಮತ್ತು ಮೊಮ್ಮಗಳು ಬ್ರಿನ್ ಇಬ್ಬರೇ. ಪೊಲೀಸರು ಅಷ್ಟು ದೂರದಿಂದ ಬರುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿರುತ್ತದೆ.

ಸತ್ತ ಗಂಡನ ರಿವಾಲ್ವರ್ ಇತ್ತು. ಅದಕ್ಕೆ ಯಾವ ಗುಂಡು? ಆ ಊರಲ್ಲಿ ಈ ಪ್ರಶ್ನೆ ಎತ್ತಿದಿರೋ ಮುಗಿಯಿತು, ಚರ್ಚಿನ ಅಂಗಳದಿಂದ ಹಿಡಿದು ಕ್ಷೌರದಂಗಡಿಯವರೆಗೆ ಎಲ್ಲರೂ ಪಂಡಿತರೇ. ಮೈದುನ ಹಾಲಿಸ್ ಅಂತೂ ಮ್ಯಾಗ್ನಮ್ ಎಂಬ ಭಾರೀ ಜೋರಿನ ಗುಂಡಿನ ಡಬ್ಬಿ ಹಿಡಿದುಕೊಂಡೇ ಬಂದ.

"ಇದನ್ನ ಹಾಕಿ ಅತ್ತಿಗೆ. ಕರಡಿನೂ ಅಲ್ಲೇ ಕುಸಿದು ಕೂರುತ್ತೆ."

"ನನ್ನ ಮನೆಗೆ ಕರಡಿ ಬರಲ್ಲ ಕಣೋ. ಬರೋನು ಒಬ್ಬ ಅಯೋಗ್ಯ. ಅವನು ನಿಲ್ಲೋ ಜಾಗದ ಹಿಂದಿನ ಗೋಡೆ ಆಚೆಗೇ ಬ್ರಿನ್ ಮಲಗೋದು."

ಹಾಲಿಸ್ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದ.

ಅನುಮಾನ ಬಂದರೆ ಅಲ್ಲಿಯವರು ಮಾಡುವುದು ಒಂದೇ. ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ತುಂಬಿ, ಹಿತ್ತಲಿನ ಮಣ್ಣಿನ ದಿಬ್ಬದೆದುರು ಒಂದರ ಹಿಂದೊಂದು ಇಟ್ಟು, ಮುಂದೆ ಹಳೇ ಜೀನ್ಸ್ ಬಟ್ಟೆ ನೇತುಹಾಕಿ, ಗುಂಡು ಮೈಯೊಳಗೇ ನಿಲ್ಲುತ್ತದೋ ತೂರಿ ಆಚೆ ಹೋಗುತ್ತದೋ ಎಂದು ಹೊಡೆದು ನೋಡುತ್ತಾರೆ. ಮ್ಯಾಗ್ನಮ್ ಸಾಲನ್ನೆಲ್ಲ ಸೀಳಿಕೊಂಡು ಹೋಯಿತು. ವೆಲ್ಡಾಳ ಕೈ ಮರಗಟ್ಟಿ, ಎರಡನೇ ಗುಂಡು ಎತ್ತಲೋ ಹಾರಿತು. ಅಭ್ಯಾಸಕ್ಕೆ ಬಳಸುವ ಅಗ್ಗದ ದುಂಡುಮೂತಿಯ ಗುಂಡೂ ಸಾಲು ದಾಟಿತು. ಮೂತಿಯಲ್ಲಿ ಗುಳಿಯಿರುವ, ಕೈಗೆ ಹೆಚ್ಚು ಒದೆಯದ ಗುಂಡು ಮಾತ್ರ ಮೂರನೇ ಕ್ಯಾನಿನಲ್ಲಿ ಅಣಬೆಯಂತೆ ಅರಳಿ ನಿಂತಿತು.

"ಇದೇ ಆಯ್ತು, ನಡೀರಿ, ಹೊಟ್ಟೆ ಹಸೀತಿದೆ" ಎಂದ ಹಾಲಿಸ್.

ವೆಲ್ಡಾ ಕದಲಲಿಲ್ಲ. ಮನೆ ಕಟ್ಟುವಾಗ ಉಳಿದಿದ್ದ, ಒಳಗೋಡೆಗೆ ಬಳಸುವ ತೆಳು ಜಿಪ್ಸಮ್ ಹಲಗೆಯ ಎರಡು ತುಂಡು ಎಳೆದು ತಂದು ಕ್ಯಾನುಗಳ ಮುಂದೆ ನಿಲ್ಲಿಸಿದಳು. "ನನ್ನ ಗೋಡೆ ಇಷ್ಟೇ ತಾನೆ?" ಎಂದು ಅದೇ ಗುಂಡು ಹೊಡೆದಳು. ಹಲಗೆಯ ಪುಡಿ ಗುಳಿಯಲ್ಲಿ ಮೆತ್ತಿಕೊಂಡು ಗುಂಡು ಅರಳಲೇ ಇಲ್ಲ, ಕೊನೆಯ ಕ್ಯಾನನ್ನೂ ತೂತು ಮಾಡಿ ದಿಬ್ಬಕ್ಕೆ ಹೊಕ್ಕಿತು.

"ಬೇರೆ ಕಂಪನೀದು ತರ್ತೀನಿ ಅತ್ತಿಗೆ. ಟಲ್ಸಾ ಸಿಟೀಲಿ ಇನ್ನೂ ಒಳ್ಳೇದು ಸಿಗುತ್ತೆ."

"ಸಾಕು ಬಿಡೋ. ಅವನಿಗೆ ತಗುಲಿದ್ರೆ ಇದೇ ಸಾಕು. ಗುರಿ ತಪ್ಪಿದ್ರೆ ಯಾವುದಾದ್ರೇನು, ಗೋಡೆ ದಾಟೇ ದಾಟುತ್ತೆ. ಬಾ, ಮಂಚ ಹಿಡಿ."

ಇಬ್ಬರೂ ಸೇರಿ ಬ್ರಿನ್‌ಳ ಮಂಚವನ್ನು ವೆಲ್ಡಾಳ ಕೋಣೆಗೆ, ಅವಳು ನಿಂತು ಗುರಿಯಿಡುವ ಜಾಗದ ಬೆನ್ನ ಹಿಂದಿನ ಮೂಲೆಗೆ ಸಾಗಿಸಿದರು.

"ಯಾಕಜ್ಜಿ?" ಎಂದಳು ಬ್ರಿನ್.

"ನನ್ನ ಗೊರಕೆ ಕೇಳೋಕೆ ಒಬ್ರು ಬೇಕಲ್ಲ."

ಹಾಲಿಸ್ ಖಾಲಿ ಕೋಣೆಗೆ ಮರಳಿ, ಮಂಚವಿದ್ದ ಜಾಗದಲ್ಲಿ ನಿಂತು ಗೋಡೆಯನ್ನೇ ದಿಟ್ಟಿಸಿದ. ಆಮೇಲೆ ಹೊರಗೆ ಬಂದ.

"ನಮ್ಮನೇಲಿ ಹುಡುಗರ ಮಂಚಾನೂ ಬಾಗಿಲಿನ ನೇರಕ್ಕೇ, ಇಂಥದೇ ಗೋಡೆ ಆಚೆ ಇದೆ" ಎಂದ. ಮ್ಯಾಗ್ನಮ್ ಡಬ್ಬಿ ಎತ್ತಿಕೊಂಡು, ಊಟಕ್ಕೂ ನಿಲ್ಲದೆ ಮನೆ ಕಡೆ ಟ್ರಕ್ ಓಡಿಸಿದ.