ಕೆಳಗಿನ ಮನೆಯಲ್ಲಿ ಬಡಿದ ಹೆಲ್ಮೆಟ್

ಕಾದ ಹಿತ್ತಾಳೆಯನ್ನು ಹುಣಸೆ ನೀರಿಗೆ ಇಳಿಸಿದಾಗ ಒಂದು ವಾಸನೆ ಏಳುತ್ತದೆ. ಅರ್ಧ ಹುಳಿ, ಅರ್ಧ ಹೊಗೆ, ಜೊತೆಗೆ ಮೂಗಿನ ಹಿಂದೆ ಕೂರುವ ಲೋಹದ ಘಾಟು. ಕಳೆದ ಶನಿವಾರ ಬಾಡಿಗೆ ಗ್ಯಾರೇಜಿನಲ್ಲಿ ಅರ್ಧ ಬಡಿದ ಹೊಸ ತಗಡು ಕಾಯಿಸಿ ಬಕೆಟ್ಟಿಗೆ ಹಾಕಿದೆ, ಅಷ್ಟೇ. ಆಮೇಲೆ ಸುತ್ತಿಗೆ ಹಿಡಿಯಲು ಮನಸ್ಸಾಗಲಿಲ್ಲ. ಸ್ಟೂಲಿನ ಮೇಲೆ ಕೂತೇ ಬಿಟ್ಟೆ. ಕೆಳಗಿನ ಮನೆ ಆಂಟಿ ನೆನಪಾದರು...

ಅದು ಕೋವಿಡ್ ಶುರುವಾದ ವರ್ಷ. ನಾನು ಸ್ಯಾನ್ ಪೀಡ್ರೊ ಅನ್ನುವ ಬಂದರಿನ ಊರಲ್ಲಿ ಒಂದು ಹಳೇ ಅಪಾರ್ಟ್‌ಮೆಂಟಿನ ಮೇಲಿನ ಮನೆಯಲ್ಲಿದ್ದೆ. ಹಡಗಿನ ಕಂಟೇನರುಗಳ ಪೇಪರ್‌ವರ್ಕ್ ನೋಡುವ ಕೆಲಸ, ಅದೂ ಮನೆಯಿಂದಲೇ. ಕಿಟಕಿಯಲ್ಲಿ ಸರದಿಗಾಗಿ ಕಾದು ನಿಂತ ಹಡಗುಗಳು ಕಾಣುತ್ತಿದ್ದವು. ನಾನೂ ಹಾಗೇ ನಿಂತಿದ್ದೆ ಅನ್ನಿ. ಆಗ ಹತ್ತಿದ ಹುಚ್ಚು ಇದು: ರೋಮನ್ ಸೈನಿಕರ ಹೆಲ್ಮೆಟ್ ಮಾಡುವುದು. ಮಷಿನ್ ಇಲ್ಲ, ವೆಲ್ಡಿಂಗ್ ಇಲ್ಲ. ಒಂದು ಹಿತ್ತಾಳೆ ತಗಡು, ಗುಳಿ ಕೊರೆದ ಮರದ ಕೊರಡು, ಸುತ್ತಿಗೆ, ಇದ್ದಿಲ ಬೆಂಕಿ. ಅವರು ಹೇಗೆ ಮಾಡುತ್ತಿದ್ದರೋ ಹಾಗೇ. ಯಾರೂ ಕಲಿಸಲಿಲ್ಲ. ವಿಡಿಯೊ ನೋಡಿದೆ, ಓದಿದೆ, ಬೆರಳು ಜಜ್ಜಿಕೊಂಡೆ. ಆ ಸೈನಿಕರ ಹಾಗೇ ಕವಚ ತೊಟ್ಟು ಪಾರ್ಕಿನಲ್ಲಿ ಕವಾಯತು ಮಾಡುವ ಒಂದು ಗುಂಪಿದೆ. ಸ್ವಂತ ಕೈಯಲ್ಲಿ ಮಾಡಿದ ಹೆಲ್ಮೆಟ್ ತಲೆಗೆ ಹಾಕಿಕೊಂಡು ಅವರ ಸಾಲಿನಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಆಸೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಡಿಯುತ್ತಿದ್ದೆ. ನಾಲ್ಕೈದು ದಿನ ಆಗಿರಬೇಕು, ಬಾಗಿಲು ತಟ್ಟಿದ ಸದ್ದು. ಮಾಸ್ಕ್ ಹಾಕಿಕೊಂಡು, ನೈಟಿಯ ಮೇಲೆ ಸ್ವೆಟರ್ ತೊಟ್ಟು, ಕೆಂಪಗಿನ ಕಣ್ಣುಗಳ ಒಬ್ಬ ಹೆಂಗಸು ದೂರ ಮೆಟ್ಟಿಲ ಬಳಿ ನಿಂತಿದ್ದರು. ಸುತ್ತಿಗೆ ಬೆರಳಿಗೆ ಬಿದ್ದಾಗ ನಾನು ಬೈದದ್ದು ಕೇಳಿ ಕನ್ನಡದವನು ಅಂತ ಗೊತ್ತಾಯಿತಂತೆ.

"ತಮ್ಮಾ, ಏನ್ ಮಾಡಾಕತ್ತಿ? ಹಂಡೆ ಮಾಡಾಕತ್ತಿ ಏನು?"

"ಸಾರಿ ಆಂಟಿ. ಹೆಲ್ಮೆಟ್ ಮಾಡ್ತಾ ಇದೀನಿ."

"ಬೈಕ್ ಐತೇನು ನಿಂದು?"

"ಇಲ್ಲ ಆಂಟಿ. ಇದು ಎರಡು ಸಾವಿರ ವರ್ಷದ ಹಿಂದಿನ ಸೈನಿಕರದ್ದು."

"ಅವರೆಲ್ಲಾ ಸತ್ತ್ ಹೋಗ್ಯಾರ. ನಾ ಇನ್ನೂ ಅದೀನಿ. ನನಗ ನಿದ್ದಿ ಬೇಕು."

ಆಂಟಿ ಗದಗದ ಕಡೆಯವರು. ಹತ್ತಿರದ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ರಾತ್ರಿಯೆಲ್ಲ ರೋಗಿಗಳ ಸ್ಯಾಂಪಲ್ ಪರೀಕ್ಷೆ ಮಾಡಿ, ಬೆಳಿಗ್ಗೆ ಬಂದು, ಮಧ್ಯಾಹ್ನ ಮೂರರವರೆಗೆ ಮಲಗುವವರು. ಅವರ ಸ್ವಂತ ಮನೆ ಇದ್ದದ್ದು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸಿನಲ್ಲಿ, ಕಾರಿನಲ್ಲಿ ಎರಡು ಗಂಟೆ ದಾರಿ. ಮೊದಲು ಅಲ್ಲಿಂದಲೇ ಓಡಾಡುತ್ತಿದ್ದರು. ಅಂಕಲ್‌ಗೆ ಕಿಡ್ನಿ ಬದಲಾಯಿಸಿ ಹೆಚ್ಚು ದಿನ ಆಗಿರಲಿಲ್ಲ. ಸಣ್ಣ ಸೋಂಕು ತಗುಲಿದರೂ ಕಷ್ಟ. ಅದಕ್ಕೇ ಆಂಟಿ ತಾವಾಗಿಯೇ ಹೊರಬಿದ್ದು ಇಲ್ಲಿ ಬಾಡಿಗೆ ಹಿಡಿದಿದ್ದರು. ಕೆಲಸ ಬಿಡೋಣ ಅಂದರೆ ಅಂಕಲ್ ಔಷಧಿಗೆ ಬೇಕಾದ ಇನ್ಶೂರೆನ್ಸ್ ಅದೇ ಕೆಲಸದ್ದು. ಬಿಡುವಂತಿಲ್ಲ, ಮನೆಗೆ ಹೋಗುವಂತಿಲ್ಲ. ಹೈಸ್ಕೂಲಿನಲ್ಲಿದ್ದ ಮಗಳ ಪಕ್ಕ ಕೂತು ಒಂದು ಊಟ ಮಾಡಬೇಕು ಅನ್ನುವುದಕ್ಕಿಂತ ದೊಡ್ಡ ಆಸೆ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಬಡಿಯುವುದನ್ನು ನಿಲ್ಲಿಸುತ್ತೇನೆ ಅಂದೆ. ಅವರು ನನ್ನ ಕೈಯಲ್ಲಿದ್ದ ತಗಡನ್ನು ನೋಡಿದರು.

"ನಾ ಸಂಜಿಗೆ ಡ್ಯೂಟಿಗೆ ಹೋಗ್ತೀನಿ. ನನ್ನ ಮನ್ಯಾಗ ಬಡಕೋ. ಕೆಳಗ ಬರೇ ನೆಲ ಐತಿ, ಬಾಜೂಕ ಲಾಂಡ್ರಿ ಐತಿ. ಯಾರ ತಲಿ ಮ್ಯಾಲೂ ಬೀಳೂದಿಲ್ಲ."

ಹೀಗೆ ಬೀಗದ ಕೈ ಕೊಟ್ಟರು. ಕೊರಡು, ಸುತ್ತಿಗೆ, ತಗಡು ಎಲ್ಲ ಅವರ ಅಡುಗೆಮನೆಗೆ ಇಳಿದವು. ಅವರು ಕಾರು ಹತ್ತಿದ ಮೇಲೆ ನಾನು ಒಳಗೆ ಹೋಗುತ್ತಿದ್ದೆ, ಕಿಟಕಿ ತೆಗೆದು, ಮಾಸ್ಕ್ ಹಾಕಿಕೊಂಡು. ಮುಖಾಮುಖಿ ಆಗಿದ್ದೇ ಕಡಿಮೆ. ಒಂದು ತಟ್ಟೆ, ಒಂದು ಲೋಟ, ಕುಕ್ಕರು, ಫ್ರಿಜ್ಜಿನ ಬಾಗಿಲಲ್ಲಿ ಮಗಳ ಫೋಟೊ, ಶೇಂಗಾ ಚಟ್ನಿ ಪುಡಿಯ ಡಬ್ಬಿ... ಆಂಟಿಯನ್ನು ನಾನು ಬಲ್ಲದ್ದು ಹೆಚ್ಚಾಗಿ ಆ ಅಡುಗೆಮನೆಯಿಂದಲೇ.

ಮೊದಲ ವಾರವೇ ಒಂದು ಅನಾಹುತ. ಹಿತ್ತಾಳೆಯ ಮೇಲೆ ನಾನು ಇದ್ದಿಲಿನಿಂದ ಸುತ್ತು ಸುತ್ತಾಗಿ ಗೆರೆ ಎಳೆದಿದ್ದೆ. ಏಟುಗಳು ಆ ಗೆರೆ ಹಿಡಿದು ಹೋಗಬೇಕು. ಶುಕ್ರವಾರ ಸಂಜೆ ಹೋಗಿ ನೋಡಿದರೆ ಒಂದು ಗೆರೆಯೂ ಇಲ್ಲ. ತಗಡು ದೇವರ ಮುಂದಿನ ದೀಪದ ಹಾಗೆ ಥಳಥಳ. ಪಕ್ಕದಲ್ಲಿ ಹಿಂಡಿದ ಹುಣಸೆಹಣ್ಣು. ಫೋನ್ ಮಾಡಿದೆ.

"ಹಿತ್ತಾಳಿ ಅಷ್ಟ್ ಹೊಲಸಾಗಿ ಇಟ್ಟಿದ್ದಿ, ಶುಕ್ರವಾರ. ತಿಕ್ಕಿ ಇಟ್ಟೀನಿ," ಅಂದರು, ಉಪಕಾರ ಮಾಡಿದವರ ದನಿಯಲ್ಲಿ.

"ಅದು ಗುರುತು ಆಂಟಿ. ಎರಡು ದಿನದ ಕೆಲಸ."

"ಹಂಗಾದ್ರ ಪೆನ್ನಿಲೆ ಬರಿಬೇಕಿಲ್ಲೋ. ಮಸಿ ಬಳದ್ರ ಯಾರರ ತಿಕ್ಕವ್ರೇ."

ಆದರೆ ಅದರಿಂದ ಒಂದು ಲಾಭವಾಯಿತು. ಹಿತ್ತಾಳೆ ಬಡಿದಷ್ಟೂ ಗಟ್ಟಿಯಾಗುತ್ತದೆ. ಆಗಾಗ ಕೆಂಡದ ಮೇಲೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಹೊರಗೆ ಇದ್ದಿಲ ಮೇಲೆ ಕಾಯಿಸಿದಾಗ ಹತ್ತುವ ಕಪ್ಪನ್ನು ತೆಗೆಯಲು ನಾನು ಏನೇನೋ ಪುಡಿ ತರಿಸಿದ್ದೆ. ಎಲ್ಲಕ್ಕಿಂತ ಹುಣಸೆ ನೀರೇ ವಾಸಿ ಆಯಿತು. ಆಮೇಲೆ ಪ್ರತಿ ಸಂಜೆ ಒಲೆಯ ಪಕ್ಕ ಒಂದು ಬಟ್ಟಲಲ್ಲಿ ಹುಣಸೆ ನೆನೆದಿರುತ್ತಿತ್ತು. ನಾನು ಕೇಳಿರಲಿಲ್ಲ.

ಚಳಿಗಾಲದಲ್ಲಿ ಆಸ್ಪತ್ರೆ ತುಂಬಿಹೋಯಿತು. ಆಂಟಿಗೆ ರಜೆ ಇಲ್ಲ, ಪಾಳಿ ಮುಗಿದರೂ ಬಿಡುತ್ತಿರಲಿಲ್ಲ. ಸಂಜೆ ಮೆಟ್ಟಿಲಿಂದ ನೋಡಿದರೆ, ಕಾರಿನ ಬಾಗಿಲು ತೆಗೆದು ಒಂದು ಕ್ಷಣ ಅದನ್ನೇ ಹಿಡಿದು ನಿಂತಿರುತ್ತಿದ್ದರು. ಮಗಳ ಜೊತೆ ಸ್ಪೀಕರಿನಲ್ಲಿ ಮಾತು. ಇವರು "ಏನ್ ಊಟ ಮಾಡಿದಿ ಅವ್ವಿ?" ಅನ್ನುವುದು, ಅವಳು "ಪಾಸ್ತಾ. ಐಯಾಮ್ ಫೈನ್ ಅಮ್ಮಾ, ಯು ಓಕೆ?" ಅನ್ನುವುದು. ಇವರು "ನನಗೇನಾಗೇತಿ, ಆರಾಮ್ ಅದೀನಿ" ಅನ್ನುವುದು.

ಜನವರಿಯ ಒಂದು ಸಂಜೆ ಒಳಗೆ ಹೋಗಿ ಲೈಟ್ ಹಾಕಿದೆ. ಹೆಲ್ಮೆಟ್ ಆಗ ಬಟ್ಟಲಿನ ಆಕಾರಕ್ಕೆ ಬಂದಿತ್ತು. ನೆತ್ತಿಯ ಪಕ್ಕದಲ್ಲಿ ನನ್ನದಲ್ಲದ ಏಟುಗಳಿದ್ದವು. ನನ್ನವು ಸುತ್ತಾಗಿ ಹೋಗುತ್ತವೆ, ಒಂದರ ಪಕ್ಕ ಒಂದು. ಇವು ಎಲ್ಲವೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು. ಆಳ. ಎತ್ತಿ ಬೆಳಕಿಗೆ ಹಿಡಿದೆ. ಕೂದಲಿನಷ್ಟು ಸಣ್ಣ ಬಿರುಕಿನಿಂದ ಬೆಳಕು ಈಚೆ ಬಂತು.

ಮಾರನೇ ದಿನ ಅವರು ಹೊರಡುವ ಹೊತ್ತಿಗೆ ಕೆಳಗೆ ಇಳಿದೆ. ನಾನು ಬಾಯಿ ತೆರೆಯುವ ಮೊದಲೇ, "ನಾನ ಬಡದೆ," ಅಂದರು.

ಅವರೇ ಮುಂದುವರಿಸಿದರು. "ನೀ ದಿನಾ ಬಡೀತಿ. ಮುಖದ ಮ್ಯಾಲೆ ಕಳಿ ಇರ್ತೈತಿ. ನನಗೂ ಹಗುರ ಆಗ್ತೈತೇನೋ ಅಂತ..."

"ಆಯ್ತಾ ಆಂಟಿ?"

"ಇಲ್ಲ. ಒಡೀತು."

ಒಂದೇ ಕಡೆ ಬಡಿದರೆ ಹಾಗೇ ಆಗುತ್ತದೆ, ನಡುನಡುವೆ ಕೆಂಡದ ಮೇಲೆ ಇಡಬೇಕು ಅಂತ ಹೇಳಿದೆ. ನನಗೆ ಗೊತ್ತಿದ್ದ ಮಾತು ಅದೊಂದೇ. "ಹಂಗಾದ್ರ ನನ್ನೂ ಒಮ್ಮಿ ಅದರ ಮ್ಯಾಲೆ ಇಡು," ಅಂದು ನಕ್ಕರು. ಮಾಸ್ಕಿನ ಮೇಲೆ ಕಣ್ಣು ನಗಲಿಲ್ಲ. ಆ ವಾರ ಲ್ಯಾಬಿನಲ್ಲಿ ಏನಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹಳೆಯ ಕಾಲದ ಹೆಲ್ಮೆಟ್‌ಗಳಿಗೂ ತೇಪೆ ಹಾಕುತ್ತಿದ್ದರು ಅಂತ ಎಲ್ಲೋ ಓದಿದ್ದೆ. ಹೊಸ ತಗಡು ತರಬಹುದಿತ್ತು. ತರಲಿಲ್ಲ. ಅವರಿಗೆ ಸಿಕ್ಕ ಒಂದು ರಜೆಯ ದಿನ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಇಬ್ಬರೂ ಕೂತು ಬಿರುಕಿಗೆ ಹಿತ್ತಾಳೆ ತುಂಡು ಇಟ್ಟು ರಿವೆಟ್ ಮೊಳೆ ಹಾಕಿದೆವು. ಆಂಟಿ ಒಳಗಿನಿಂದ ಒಂದು ಕಬ್ಬಿಣದ ತುಂಡು ಒತ್ತಿ ಹಿಡಿದರು, ನಾನು ಹೊರಗಿನಿಂದ ಬಡಿದೆ. ಒಟ್ಟಿಗೆ ಕೆಲಸ ಮಾಡಿದ್ದು ಅದೊಂದು ಮಧ್ಯಾಹ್ನ. ಮುಗಿಯುವ ಹೊತ್ತಿಗೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಕಬ್ಬಿಣ ಕೈಯಲ್ಲೇ ಇತ್ತು. ಮೆಲ್ಲಗೆ ತೆಗೆದಿಟ್ಟು ಮೇಲೆ ಬಂದೆ.

ಬೇಸಿಗೆಗೆ ಸ್ಯಾನ್ ಡಿಯಾಗೋದಲ್ಲೇ ಹಗಲು ಪಾಳಿಯ ಕೆಲಸ ಸಿಕ್ಕಿ ಮನೆಗೆ ಹೋದರು. ಆ ಹೆಲ್ಮೆಟ್ ಹಾಕಿಕೊಂಡು ಗುಂಪಿನ ಸಾಲಿನಲ್ಲಿ ನಿಂತ ನನ್ನ ಫೋಟೊ ಕಳಿಸಿದಾಗ, "ಚಂದ ಕಾಣಸ್ತಿ. ಬೈಕ್ ಯಾವಾಗ?" ಅಂತ ಉತ್ತರ ಬಂತು. ಆಮೇಲೆ ಹಬ್ಬಕ್ಕೊಂದು ಮೆಸೇಜು. ಆಮೇಲೆ ಅದೂ...

ಹೋದ ವರ್ಷ ಅಂಕಲ್ ಫೋನ್ ಮಾಡಿದರು. ಆಂಟಿ ಹೋಗಿ ತಿಂಗಳಾಗಿತ್ತು. ತಲೆಯಲ್ಲಿ ರಕ್ತಸ್ರಾವ. ಯಾರನ್ನು ಉಳಿಸಿಕೊಳ್ಳಲು ಮನೆ ಬಿಟ್ಟಿದ್ದರೋ ಅವರು ಆ ಸುದ್ದಿಯನ್ನು ಹೇಳುತ್ತಿದ್ದರು.

ಹೆಲ್ಮೆಟ್ ತೋರಿಸೋಣ ಅಂತ ಕಾರಿನಲ್ಲಿಟ್ಟುಕೊಂಡು ಪೆನಾಸ್ಕಿಟೋಸಿಗೆ ಹೋದೆ. ಅಂಕಲ್‌ಗೂ ಮಗಳಿಗೂ ಅದರ ವಿಷಯವೇ ಗೊತ್ತಿರಲಿಲ್ಲ. ಮಗಳು ಈಗ ಕಾಲೇಜು. "ಆ ವರ್ಷದ ಬಗ್ಗೆ ಅಮ್ಮ ಏನೂ ಹೇಳ್ತಿರಲಿಲ್ಲ. ಐ ಥಾಟ್ ಶಿ ವಾಸ್ ಫೈನ್," ಅಂದಳು, ಕನ್ನಡವನ್ನು ಹುಡುಕಿ ಹುಡುಕಿ.

ಹೇಳಲೋ ಬೇಡವೋ ಅಂತ ಬಹಳ ಹೊತ್ತು ಚಹಾ ಲೋಟ ಹಿಡಿದು ಕೂತೆ. ಆಂಟಿ ಮುಚ್ಚಿಟ್ಟಿದ್ದು ಇವಳಿಗಾಗಿಯೇ. ಕೊನೆಗೆ ಹೆಲ್ಮೆಟ್ ತಿರುಗಿಸಿ ಒಳಮೈ ತೋರಿಸಿದೆ. ಯಾವುದು ನನ್ನ ಏಟು, ಯಾವುದು ಅವರದ್ದು, ಯಾಕೆ ಒಡೆಯಿತು, ಎಲ್ಲ ಹೇಳಿದೆ. ಅವಳು ತೇಪೆಯ ಸುತ್ತ ಬೆರಳಾಡಿಸಿದಳು. ಅಂಕಲ್ ಎದ್ದು ಹಿತ್ತಲಿಗೆ ಹೋದರು.

"ಕ್ಯಾನ್ ಐ ಕೀಪ್ ಇಟ್?" ಅಂದಳು. ಕೊಟ್ಟು ಬಂದೆ.

ಅದಕ್ಕೇ ಈಗ ಇನ್ನೊಂದು ಮಾಡುತ್ತಿದ್ದೇನೆ. ಕೈ ಪಳಗಿದೆ. ಇದು ಮೊದಲನೆಯದಕ್ಕಿಂತ ಚೆನ್ನಾಗಿ ಬರುತ್ತಿದೆ, ಸುತ್ತುಗಳು ಸಮವಾಗಿವೆ, ಬಿರುಕಿಲ್ಲ. ಆದರೂ ಶನಿವಾರ ಬಂದರೆ ಸುಸ್ತು. ಒಂದಷ್ಟು ಬಡಿಯುತ್ತೇನೆ, ನಿಲ್ಲಿಸುತ್ತೇನೆ, ಎತ್ತಿ ಬೆಳಕಿಗೆ ಹಿಡಿದು ನೋಡುತ್ತೇನೆ. ಇದರ ಮೇಲಿರುವ ಏಟುಗಳೆಲ್ಲ ನನ್ನವೇ.