ರೀಲು ಮಾಸ್ಟರ್ ನುಡಿದ ಸಾಕ್ಷಿ

ನನ್ನ ಸೋದರಮಾವ ದರ್ಜಿ. ಕೋಟು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಊರಿನಲ್ಲಿಲ್ಲ. ಸುಳ್ಳು ಹೊಲಿಯುವುದರಲ್ಲಂತೂ ಯಾವ ಊರಿನಲ್ಲೂ ಇಲ್ಲ. ಅದಕ್ಕೇ ಎಲ್ಲರಿಗೂ ಅವರು ರೀಲು ಮಾಸ್ಟರ್. ದಾರದ ರೀಲಿನಿಂದ ಬಂದ ಹೆಸರು ಎಂದು ಹೊಸ ಗಿರಾಕಿಗಳಿಗೆ ಅವರೇ ಹೇಳುತ್ತಾರೆ. ಅದೂ ರೀಲೇ.

ಅವರ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ, ಗಿರಾಕಿಗಳು ಕೂರಲು ಒಂದು ಬೆಂಚು. ಆ ಬೆಂಚು ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ಕೂತವರಲ್ಲಿ ಅರ್ಧ ಜನರ ಕೈಯಲ್ಲಿ ಹೊಲಿಸುವ ಬಟ್ಟೆಯೇ ಇರುವುದಿಲ್ಲ, ಕಥೆ ಕೇಳಲು ಬಂದವರು. ಸೇನಾಧಿಪತಿಯೊಬ್ಬರ ಹೊಟ್ಟೆಗೆ ಒಂದು ಟೇಪು ಸಾಲದೆ ಎರಡು ಟೇಪು ಗಂಟು ಹಾಕಿ ಅಳೆದ ಕಥೆ, "ಉಸಿರು ಒಳಗೆಳ್ಕೊಳ್ಳಿ ಸ್ವಾಮಿ, ಇಲ್ಲಾಂದ್ರೆ ಬೇರೆ ದರ್ಜಿ ನೋಡ್ಕೊಳ್ಳಿ" ಎಂದು ಅವರನ್ನೇ ಗದರಿದ ಕಥೆ ನನಗೆ ಬಾಯಿಪಾಠವಾಗಿದೆ. ಪಕ್ಕದ ಯಂತ್ರದಲ್ಲಿ ಕೂತು ಕಾಜಾ ಹಾಕುವ ಅತ್ತೆ ತಲೆ ಎತ್ತದೆ, "ಹೋದ ವಾರ ಒಂದೇ ಟೇಪು ಸಾಕಾಗಿತ್ತಲ್ರೀ" ಎನ್ನುತ್ತಾರೆ. ಮಾಮ ಜಗ್ಗುವ ಆಸಾಮಿಯೇ? "ಆಮೇಲೆ ಊಟ ಮಾಡಿದ್ರು ಕಣೆ" ಎನ್ನುತ್ತಾರೆ.

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಸುಳ್ಳು ಕೇಳಿದರೆ ನನಗೆ ಮೈ ಉರಿಯುತ್ತದೆ. ಮಕ್ಕಳಾದರೆ ಮೂಲೆಯಲ್ಲಿ ನಿಲ್ಲಿಸಬಹುದು, ಮಾಮನನ್ನು ಎಲ್ಲಿ ನಿಲ್ಲಿಸುವುದು? ಕೊನೆಗೆ ಅವರನ್ನು ಕಟಕಟೆಯಲ್ಲೇ ನಿಲ್ಲಿಸಿದರು. ಆ ಕಥೆಯನ್ನೇ ಹೇಳಹೊರಟಿದ್ದೇನೆ. ಇದರಲ್ಲಿ ರೀಲು ಇಲ್ಲ.

ಆಗ ನಮ್ಮನ್ನು ಆಳುತ್ತಿದ್ದ ಅಧ್ಯಕ್ಷರನ್ನು ಜನ ದೊಡ್ಡವರು ಎನ್ನುತ್ತಿದ್ದರು. ಹೆದರಿಕೆಗೆ ಹಾಗೆನ್ನುತ್ತಿದ್ದರೋ ಗೌರವಕ್ಕೋ, ಅವರವರಿಗೇ ಗೊತ್ತು. ಚುನಾವಣೆ ಮುಗಿದಿತ್ತು, ಎಣಿಕೆ ಬಾಕಿ ಇತ್ತು, ಈ ಸಲ ಅವರು ಸೋಲುತ್ತಾರೆ ಎಂದು ಬೀದಿಯಲ್ಲೆಲ್ಲ ಗುಸುಗುಸು. ಅಂಥ ಹೊತ್ತಿನಲ್ಲಿ ಅವರು ಪ್ರಮಾಣವಚನಕ್ಕೆ ಹೊಸ ಸೂಟು ಹೊಲಿಸಲು ಹೊರಟರು! ಅವರ ಕಾಯಂ ದರ್ಜಿಗೆ ಕೈ ಉಳುಕಿತ್ತಂತೆ, ಮಾಮನಿಗೆ ಕರೆ ಬಂತು. ಮೊದಲ ದಿನ ಅಳತೆ, ಎಣಿಕೆಯ ಹಿಂದಿನ ದಿನ ಟ್ರಯಲ್. ಮಾಮನ ಆಯುಸ್ಸಿನಲ್ಲಿ ಮೊದಲ ಬಾರಿಗೆ ಒಬ್ಬ ನಿಜವಾದ ದೊಡ್ಡ ಗಿರಾಕಿ ಸಿಕ್ಕಿದ್ದ. ಬೆಂಚಿನ ಮೇಲಿದ್ದವರು ಒಬ್ಬರೂ ನಂಬಲಿಲ್ಲ. ಹುಲಿ ಬಂತು ಹುಲಿ ಎಂದವನ ಪಾಡು.

ಟ್ರಯಲ್ ಆದ ಮಾರನೆಯ ದಿನ ಕ್ರೀಡಾಂಗಣದಲ್ಲಿ ಎಣಿಕೆ. ಉಳಿದ ಶಿಕ್ಷಕರ ಹಾಗೆ ನನಗೂ ಅಲ್ಲಿ ಡ್ಯೂಟಿ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಗೇಟು ಮುರಿದು ಜನ ನುಗ್ಗಿದರು. ಕೈಯಲ್ಲಿ ಕಬ್ಬಿಣದ ಸರಳು, ಮುಖಕ್ಕೆ ಬಟ್ಟೆ. ಮೇಜು ಉರುಳಿಸಿದರು, ಪೆಟ್ಟಿಗೆ ಒಡೆದರು. ನಾನು ಎಣಿಸಿಟ್ಟ ಮತಪತ್ರದ ಕಟ್ಟುಗಳನ್ನು ಎದೆಗೆ ಅವುಚಿಕೊಂಡು ಮೇಜಿನ ಕೆಳಗೆ ಕೂತೆ. ಧೈರ್ಯದಿಂದಲ್ಲ, ಬಿಡಬೇಕೆಂದು ಹೊಳೆಯಲೇ ಇಲ್ಲ. ಒಬ್ಬ ನನ್ನ ಎಡಗೈ ಮೇಲೆ ಸರಳಿನಿಂದ ಹೊಡೆದ. ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸಿತು.

ಪುಣ್ಯಕ್ಕೆ ಬಹಳಷ್ಟು ಪೆಟ್ಟಿಗೆಗಳನ್ನು ನಮ್ಮವರು ಒಳಕೋಣೆಗೆ ತಳ್ಳಿ ಬೀಗ ಹಾಕಿದ್ದರು. ಆಮೇಲೆ ಕಾವಲಿಟ್ಟು ಎಣಿಕೆ ಮುಗಿಸಿದರು. ದೊಡ್ಡವರು ಸೋತರು.

ಪೆಟ್ಟು ಬಿದ್ದ ದಿನವೇ ಆಸ್ಪತ್ರೆಗೆ ಮಾಮ ಓಡಿ ಬಂದಿದ್ದರು. ನನ್ನ ಕೈಗೆ ಹಾಕಿದ್ದ ಪ್ಲಾಸ್ಟರನ್ನು ಮುಟ್ಟಿ ನೋಡಿದರು. ಆಮೇಲೆ ಶುರು ಮಾಡಿದರು.

"ಇದನ್ನ ಮಾಡ್ಸಿದ್ದು ಅವ್ರೇ ಕಣೆ. ನಿನ್ನೆ ಟ್ರಯಲ್ ನೋಡುವಾಗ ನನ್ನೆದುರೇ ಫೋನಲ್ಲಿ ಹೇಳಿದ್ರು. ನಾನು ಬಿಡ್ತೀನಾ? ಕತ್ತರಿ ಎತ್ತಿ ಅವ್ರ ಎದೆಗೆ ಹಿಡ್ದು, ‘ಜನರ ಓಟಿಗೆ ಕೈ ಹಾಕಿದ್ರೆ ಹುಷಾರ್!’ ಅಂದೆ."

ನೋವಿನಲ್ಲಿ ನನಗೆ ರೇಗಿಹೋಯಿತು. "ಮಾಮ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಸುಮ್ನಿರಿ" ಎಂದೆ. ಮಾಮ ಸುಮ್ಮನಾದರು. ಆದರೆ ಚಹಾ ಅಂಗಡಿಯಲ್ಲಿ ಸುಮ್ಮನಾಗಲಿಲ್ಲ. ಕತ್ತರಿಯ ಕಥೆ ವಾರದೊಳಗೆ ಬೀದಿಯೆಲ್ಲ ಸುತ್ತಿ ನಮ್ಮ ಶಾಲೆಗೂ ಬಂತು.

ಹೊಸ ಸರ್ಕಾರ ಬಂದು ಮೊಕದ್ದಮೆ ಹೂಡಿತು. ನುಗ್ಗಿದವರು ಸಿಕ್ಕಿಬಿದ್ದರು. ಅವರೆಲ್ಲ ದೊಡ್ಡವರ ಆಪ್ತ ಕಾರ್ಯದರ್ಶಿಯ ಕಡೆ ಬೆರಳು ತೋರಿಸಿದರು. ಕಾರ್ಯದರ್ಶಿ ಮಾತ್ರ ಗಟ್ಟಿ ಪಿಂಡ. "ಎಲ್ಲಾ ನಂದೇ ಬುದ್ಧಿ, ಅವರಿಗೆ ಏನೂ ಗೊತ್ತಿರಲಿಲ್ಲ" ಎಂದು ಹಠ ಹಿಡಿದ. ಹಿಂದಿನ ದಿನ ದೊಡ್ಡವರು ಅವನಿಗೆ ಫೋನ್ ಮಾಡಿದ್ದರೆಂಬುದಕ್ಕೆ ದಾಖಲೆ ಇತ್ತು. ಏನು ಮಾತಾಡಿದರು ಎಂಬುದಕ್ಕೆ ಇರಲಿಲ್ಲ. "ಆಗ ಕೋಣೆಯಲ್ಲಿ ದರ್ಜಿ ಇದ್ದ" ಎಂದು ಕಾವಲಿನವನೊಬ್ಬ ಬಾಯಿಬಿಟ್ಟ.

ಸರ್ಕಾರಿ ವಕೀಲೆ ನೇರವಾಗಿ ಅಂಗಡಿಗೇ ಬಂದರು. ಮಾಮನ ಮಾತನ್ನೆಲ್ಲ ಕೇಳಿಸಿಕೊಂಡು, ಆಮೇಲೆ ನನ್ನನ್ನು ಹೊರಗೆ ಕರೆದು ಹಣೆ ಒತ್ತಿಕೊಂಡರು. "ನೋಡಮ್ಮ, ಕೇಸು ನಿಂತಿರೋದೇ ನಿಮ್ಮ ಮಾವನ ಮೇಲೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ದೊಡ್ಡವರು ಜೈಲಿಗೆ ಹೋಗ್ತಾರೆ. ಒಂದು ಚೂರು ಸೇರಿಸಿದ್ರೂ ಕೈಬೀಸ್ಕೊಂಡು ಹೊರಗೆ ಬರ್ತಾರೆ. ಸ್ವಲ್ಪ ತಯಾರಿ ಮಾಡ್ಸಿ."

ತಯಾರಿ! ಹರಿಯುವ ನಲ್ಲಿಗೆ ಬೆರಳಿಟ್ಟು ನಿಲ್ಲಿಸಿದ ಹಾಗೆ. ಸಂಜೆ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು ನಾನು ವಕೀಲಳಾಗುತ್ತಿದ್ದೆ, ಅತ್ತೆ ನ್ಯಾಯಾಧೀಶೆ. ಮೊದಲ ದಿನದ ಕಥೆಯಲ್ಲಿ ಮಾಮ ಕತ್ತರಿ ಎತ್ತಿದರು. ಎರಡನೆಯ ದಿನ ಮೇಜು ಗುದ್ದಿದರು. ಮೂರನೆಯ ದಿನ ದೊಡ್ಡವರು ಗಡಗಡ ನಡುಗಿ ಬೆವರಿದರು.

"ಬೆವರು ಎಲ್ಲಿಂದ ಬಂತು ಮಾಮ?"

"ಸೆಖೆ ಇತ್ತು ಕಣೆ."

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು" ಎಂದು ನ್ಯಾಯಾಧೀಶೆ ತೀರ್ಪು ಕೊಟ್ಟು ಸೊಪ್ಪು ಬಿಡಿಸಲು ಎದ್ದುಹೋದರು.

ಆದರೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಮಾಮನ ಮಾತು ದಿನಕ್ಕೊಂದು ಬಣ್ಣ ತಾಳುತ್ತಿತ್ತು ನಿಜ. ದೊಡ್ಡವರು ಫೋನಿನಲ್ಲಿ ಆಡಿದ ಮಾತು ಮಾತ್ರ ಎಷ್ಟು ಸಲ ಕೇಳಿದರೂ ಒಂದಕ್ಷರ ಅತ್ತಿತ್ತ ಆಗುತ್ತಿರಲಿಲ್ಲ: "ನಾಳೆ ಎಣಿಕೆ ಮುಗೀಬಾರದು. ಹುಡುಗರು ಮಧ್ಯಾಹ್ನದೊಳಗೆ ನುಗ್ಗಲಿ. ಪೆಟ್ಟಿಗೆ ಒಂದೂ ಉಳೀಬಾರದು. ಗಲಾಟೆ ಆದ್ರೆ ಚುನಾವಣೆ ರದ್ದು, ಅಲ್ಲೀವರೆಗೂ ನಾನೇ." ಮೊದಲ ಬಾರಿಗೆ ನನಗೆ ಅನ್ನಿಸಿತು, ಈ ಮನುಷ್ಯ ನಿಜವಾಗಿ ಕೇಳಿದ್ದಾರೆ. ಕೇಳಿದ್ದನ್ನು ಕಟಕಟೆಯಲ್ಲಿ ತಾವೇ ಕೆಡಿಸಿಬಿಟ್ಟರೆ?

ಸಾಕ್ಷಿಯ ದಿನ ಕೋರ್ಟು ಕಿಕ್ಕಿರಿದಿತ್ತು. ದೊಡ್ಡವರು ಮುಂದಿನ ಸಾಲಿನಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು. ಮಾಮ ತಾವೇ ಹೊಲಿದ ಕಪ್ಪು ಕೋಟು ಹಾಕಿಕೊಂಡು ಕಟಕಟೆ ಹತ್ತಿದರು. ಸರ್ಕಾರಿ ವಕೀಲೆ ಕೇಳಿದ್ದಕ್ಕೆಲ್ಲ ಚೊಕ್ಕವಾಗಿ ಉತ್ತರಿಸಿದರು. ಫೋನಿನ ಮಾತನ್ನು ಅದೇ ಅಕ್ಷರಗಳಲ್ಲಿ ಹೇಳಿದರು. ಅತ್ತೆ ನನ್ನ ತೊಡೆ ಚಿವುಟಿದರು.

ಆಮೇಲೆ ಪಾಟಿ ಸವಾಲು. ದೊಡ್ಡವರ ವಕೀಲ ನಗುನಗುತ್ತಲೇ ಎದ್ದರು.

"ನಿಮ್ಮನ್ನು ಜನ ಏನಂತ ಕರೀತಾರೆ?"

"ರೀಲು ಮಾಸ್ಟರ್ ಅಂತ."

"ಸೇನಾಧಿಪತಿಗೆ ಎರಡು ಟೇಪು ಗಂಟು ಹಾಕಿ ಅಳತೆ ತಗೊಂಡಿದ್ದು ನಿಜವೋ?"

"ಸುಳ್ಳು ಸ್ವಾಮಿ. ಅವ್ನು ಗೋದಾಮು ಕಾಯೋನು. ಟೇಪು ಒಂದೇ."

ಕೋರ್ಟು ಗೊಳ್ಳೆಂದಿತು. ವಕೀಲರಿಗೆ ಹುರುಪು ಬಂತು. ಹಡಗಿನ ಮಾಲೀಕನ ಕಥೆ, ಸಿನಿಮಾ ನಟನ ಕಥೆ, ಒಂದೊಂದನ್ನೇ ಎತ್ತಿದರು. ಸುಳ್ಳು, ಸುಳ್ಳು, ಅದೂ ಸುಳ್ಳು.

"ಸರಿ. ನನ್ನ ಕಕ್ಷಿದಾರರ ಎದೆಗೆ ಕತ್ತರಿ ಹಿಡಿದು ಎಚ್ಚರಿಕೆ ಕೊಟ್ಟೆ ಅಂತ ಚಹಾ ಅಂಗಡಿಯಲ್ಲಿ ಹೇಳಿದ್ದೀರಿ. ಅದು?"

ಮಾಮ ಕೋಟಿನ ಗುಂಡಿಯನ್ನು ತಿರುಗಿಸುತ್ತ ನಿಂತರು. ಹೌದೆಂದರೆ ಮುಗಿಯಿತು: ಸುತ್ತ ಕಾವಲಿರುವ ಕೋಣೆಯಲ್ಲಿ ಅಧ್ಯಕ್ಷರ ಎದೆಗೆ ಕತ್ತರಿ ಹಿಡಿದವನು ಜೀವಂತ ಹೊರಗೆ ಬರುತ್ತಾನೆಯೇ?

"ಅದೂ ಸುಳ್ಳು" ಎಂದರು.

"ಹಾಗಾದರೆ ಇಡೀ ಕಥೆಯೇ ಸುಳ್ಳು!"

"ಇಲ್ಲ ಸ್ವಾಮಿ. ಅವ್ರು ಹೇಳಿದ್ದು ಅಂತ ನಾನು ಹೇಳ್ದೆನಲ್ಲ, ಅದೆಲ್ಲಾ ನಿಜ. ನಾನು ಹೇಳ್ದೆ ಅಂದದ್ದೆಲ್ಲಾ ಸುಳ್ಳು. ನಾನು ತುಟಿ ಪಿಟಕ್ ಅನ್ಲಿಲ್ಲ."

"ಮತ್ತೇನು ಮಾಡ್ತಾ ಇದ್ರಿ?"

"ಮಂಡಿ ಊರಿ ಅವ್ರ ಪ್ಯಾಂಟಿನ ಮಡಿಕೆಗೆ ಗುಂಡುಸೂಜಿ ಹಾಕ್ತಿದ್ದೆ. ಅವ್ರು ಫೋನ್ ಇಟ್ಟ ಮೇಲೆ, ಕೋಟಿಗೆ ಎರಡು ಗುಂಡಿನಾ ಮೂರು ಗುಂಡಿನಾ ಅಂತ ಕೇಳ್ದೆ."

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಮುಂದೆ ಬಾಗಿದರು. "ಅಂಥ ಮಾತು ಕೇಳಿಯೂ ಯಾರಿಗೂ ಯಾಕೆ ತಿಳಿಸಲಿಲ್ಲ?"

"ತಾ ಕಳ್ಳ ಪರರ ನಂಬ ಅಂತಾರಲ್ಲ ಸ್ವಾಮಿ, ಹಾಗಾಯ್ತು. ಬೆಳಗಾದ್ರೆ ಬುರುಡೆ ಬಿಡೋನು ನಾನು. ಅವ್ರೂ ಯಾರಿಗೋ ಬುರುಡೆ ಬಿಡ್ತಿದ್ದಾರೆ ಅಂದ್ಕೊಂಡೆ. ದೊಡ್ಡವರು ದೊಡ್ಡ ಬುರುಡೆ ಬಿಡ್ತಾರೆ ಅಂತ. ಮನೆಗೆ ಹೋಗಿ ಉಂಡು ಮಲ್ಕೊಂಡೆ." ಮಾಮ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. "ನನ್ನ ತಂಗಿ ಮಗಳು ಮಾರನೇ ದಿನ ಅಲ್ಲೇ ಎಣಿಕೆಗೆ ಹೋಗ್ತಾಳೆ ಅಂತ ಗೊತ್ತಿತ್ತು. ಹುಷಾರಾಗಿರು ಅಂತ ಒಂದು ಮಾತು ಹೇಳ್ಬಹುದಿತ್ತು. ಹೇಳ್ಲಿಲ್ಲ. ಆಸ್ಪತ್ರೇಲಿ ಅವಳ ಕೈ ನೋಡಿದ ಮೇಲೆ, ಇದನ್ನ ಹೇಗೆ ಹೇಳ್ಲಿ? ಕತ್ತರಿ ಸೇರಿಸ್ಬಿಟ್ಟೆ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ಜನರೆದುರು ಎದ್ದು ಕಿರುಚಬೇಕೆನಿಸಿತು. ಗೊತ್ತಿತ್ತು ಈ ಮನುಷ್ಯನಿಗೆ! ಹಿಂದಿನ ದಿನವೇ ಗೊತ್ತಿತ್ತು!

ವಕೀಲರು ಬಿಡಲಿಲ್ಲ. "ಬಾಯಿಬಿಟ್ಟರೆ ಸುಳ್ಳು ಹೇಳುವವರನ್ನು ಈ ನ್ಯಾಯಾಲಯ ಯಾಕೆ ನಂಬಬೇಕು?"

"ನಂಬಿ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ಸುಳ್ಳು ಹೇಳೋಕೇ ಬಂದಿದ್ರೆ ಇದಕ್ಕಿಂತ ಚೆನ್ನಾಗಿರೋದು ಹೇಳ್ತಿದ್ದೆ ಸ್ವಾಮಿ. ನನ್ನ ಸುಳ್ಳಲ್ಲಿ ಯಾವತ್ತಾದ್ರೂ ನಾನು ಮಂಡಿ ಊರಿದ್ದು ಕೇಳಿದೀರಾ?"

ಮುಂದಿನ ಸಾಲಿನಲ್ಲಿ ದೊಡ್ಡವರು ಉಗುರು ನೋಡಿಕೊಳ್ಳುವುದನ್ನು ನಿಲ್ಲಿಸಿದ್ದರು.

ನಾನು ಮಾಮನ ಜೊತೆ ಮಾತು ಬಿಟ್ಟೆ. ಅಂಗಡಿಯ ಎದುರು ಹೋಗಬೇಕಾದರೆ ಆಚೆ ಬದಿಯಲ್ಲಿ ಹೋಗುತ್ತಿದ್ದೆ. ತೀರ್ಪು ಬಂದ ದಿನ ಶಾಲೆಯಲ್ಲಿ ರೇಡಿಯೊ ಸುತ್ತ ಎಲ್ಲರೂ ಗುಂಪುಗೂಡಿದ್ದೆವು. ಎಣಿಕೆಯನ್ನು ಕೆಡಿಸಿ ಅಧಿಕಾರದಲ್ಲಿ ಉಳಿಯಲು ಸಂಚು ಮಾಡಿದ ಅಪರಾಧ ಸಾಬೀತು, ದೊಡ್ಡವರಿಗೆ ಜೈಲು, ಮುಂದೆ ಯಾವ ಚುನಾವಣೆಗೂ ನಿಲ್ಲುವಂತಿಲ್ಲ. ತನ್ನನ್ನೇ ಸಣ್ಣವನನ್ನಾಗಿ ಮಾಡಿಕೊಂಡು ಸಾಕ್ಷಿ ಹೇಳಿದ ದರ್ಜಿಯ ಮಾತನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದು ತೀರ್ಪಿನಲ್ಲಿ ಬರೆದಿದ್ದರಂತೆ. ಎಲ್ಲರೂ ಕುಣಿದರು. ನಾನೂ ಕುಣಿದೆ, ನೆಟ್ಟಗಿದ್ದ ಒಂದೇ ಕೈ ಮೇಲೆತ್ತಿ.

ಸಂಜೆ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಜಾಗವಿರಲಿಲ್ಲ. ಮಾಮ ನನ್ನನ್ನು ಕಂಡವರೇ ಪೆಡಲು ನಿಲ್ಲಿಸಿ ಎದ್ದು ನಿಂತರು.

"ನಿಮ್ಮನ್ನ ಇನ್ನೂ ಕ್ಷಮಿಸಿಲ್ಲ ಮಾಮ" ಎಂದೆ. "ನಗರಸಭೆ ಚುನಾವಣೆ ಬರ್ತಿದೆ. ಎಣಿಕೆಗೆ ಮತ್ತೆ ನನ್ನನ್ನೇ ಹಾಕಿದ್ದಾರೆ. ಅಮ್ಮ ಬೇಡ ಅಂತ ಅಳ್ತಿದ್ದಾಳೆ. ನಾನು ಹೋಗೋಳೇ. ಆದ್ರೆ ಹೆದರಿಕೆ ಆಗ್ತಿದೆ."

"ನಾನೂ ಬರ್ತೀನಿ" ಎಂದರು ಮಾಮ.

"ಬಂದು ಏನ್ಮಾಡ್ತೀರಿ?"

"ಏನ್ಮಾಡ್ಲಿ ಈ ವಯಸ್ಸಲ್ಲಿ? ಗೇಟಿನ ಹತ್ರ ಕೂತಿರ್ತೀನಿ. ಯಾರಾದ್ರೂ ಬಂದ್ರೆ ಕೂಗ್ತೀನಿ. ಈ ಸಲ ಕೂಗ್ತೀನಿ ಕಣೆ."

ಎಣಿಕೆಯ ದಿನ ಮಾಮ ಅಂಗಡಿಯ ಸ್ಟೂಲನ್ನು ಹೊತ್ತುಕೊಂಡು ಬಂದರು. ಪೊಲೀಸರು ಗೇಟಿನಿಂದ ದೂರ ಕಳಿಸಿದರು; ಎದುರಿನ ಮರದ ಕೆಳಗೆ ಸ್ಟೂಲು ಹಾಕಿ ಕೂತರು. ಬೆಳಗ್ಗೆ ಕಿಟಕಿಯಿಂದ ನೋಡಿದೆ, ಇದ್ದರು. ಮಧ್ಯಾಹ್ನ ನೋಡಿದೆ, ಇದ್ದರು. ಆಮೇಲೆ ನೋಡುವುದನ್ನು ಬಿಟ್ಟು ಕೆಲಸ ಮಾಡಿದೆ.

ಕೊನೆಯ ಪೆಟ್ಟಿಗೆಗೆ ಮೊಹರು ಹಾಕಿ ನಾನು ಹೊರಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಮಾಮ ಬಿಸಿಲಿಗೆ ಕೆಂಪಾಗಿದ್ದರು.

"ಏನಾದ್ರೂ ಆಯ್ತಾ ಮಾಮ?"

"ಏನೂ ಆಗ್ಲಿಲ್ಲ."

ಸ್ಟೂಲನ್ನು ನಾನೇ ಎತ್ತಿಕೊಂಡೆ. ದಾರಿಯಲ್ಲಿ ಹಣ್ಣಿನಂಗಡಿಯವನು ಕರೆದು ಕೇಳಿದ, "ಏನ್ ಮಾಸ್ಟರ್, ಇಡೀ ದಿನ ಕಾವಲು ಕಾದ್ರಂತೆ, ಏನ್ ವಿಶೇಷ?" ಇನ್ನು ಕಥೆ ಶುರು ಎಂದು ನಾನು ಸ್ಟೂಲು ಕೆಳಗಿಟ್ಟು ನಿಂತೆ.

"ಏನೂ ಆಗ್ಲಿಲ್ಲಪ್ಪ" ಎಂದರು ಮಾಮ. "ಎಣಿಸಿದ್ರು. ಮುಗೀತು. ಇವಳು ಮನೆಗೆ ಬಂದ್ಲು."

ಚಹಾ ಅಂಗಡಿಯಲ್ಲೂ ಅಷ್ಟೇ ಹೇಳಿದರು, ಬಸ್ಸಿಗೆ ಕಾಯುತ್ತಿದ್ದವರಿಗೂ ಅಷ್ಟೇ ಹೇಳಿದರು. ಮನೆ ಬಾಗಿಲು ತೆಗೆದ ಅತ್ತೆಗಂತೂ ಎರಡೆರಡು ಸಲ ಹೇಳಿದರು, ಒಂದಕ್ಷರವನ್ನೂ ಸೇರಿಸದೆ.